ನೀರಿನ ಕೂಲರ್ ಶುದ್ಧಿಗೆ ಯಾವುದು ಒಳ್ಳೆಯದು? ಮಲೆನಾಡಿನ ತೇವದಲ್ಲಿ ನಾಲ್ಕರ ಹೋಲಿಕೆ

ಶಿವಮೊಗ್ಗದ ಮನೆ, ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಬಗೆಯ ಕೂಲರ್. ಒಂದು, 20 ಲೀಟರ್ ಕ್ಯಾನನ್ನು ಬೋರಲು ಕೂರಿಸುವ ಡಿಸ್ಪೆನ್ಸರ್. ಇನ್ನೊಂದು, ಶಾಲೆ, ಬ್ಯಾಂಕುಗಳ ಮೂಲೆಯಲ್ಲಿ ನಿಲ್ಲುವ ಸ್ಟೀಲ್ ಟ್ಯಾಂಕಿನದು. ಎರಡಕ್ಕೂ ಬ್ಲೀಚಿಂಗ್ ಪೌಡರ್, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ (ಹೈಪೋ), ಹೈಡ್ರೋಜನ್ ಪೆರಾಕ್ಸೈಡ್, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಈ ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಸ್ಟೀಲ್ ಟ್ಯಾಂಕಿಗೆ ಹೊಸದಾಗಿ ತಂದ ಹೈಪೋ, ಕ್ಯಾನಿನ ಡಿಸ್ಪೆನ್ಸರಿಗೆ ಪೆರಾಕ್ಸೈಡ್. ನಿಂಬೆ ಉಪ್ಪು ಇವುಗಳ ಜೊತೆಗಾರ, ಬದಲಿಯಲ್ಲ. ಬ್ಲೀಚಿಂಗ್ ಪೌಡರ್ ಬೇಸಿಗೆಗೆ ಸರಿ, ಆರಿದ್ರಾ ಮಳೆ ಹಿಡಿದ ಮೇಲೆ ಅದನ್ನು ನಂಬುವಂತಿಲ್ಲ.

ಯಾವುದನ್ನು ಹಾಕುವುದಿದ್ದರೂ ಮೊದಲು ಉಜ್ಜಬೇಕು. ಟ್ಯಾಂಕಿನ ಗೋಡೆಗೆ ಕೂತ ಲೋಳೆಯೊಳಗೆ ಸೂಕ್ಷ್ಮಾಣುಗಳು ಬೆಚ್ಚಗಿರುತ್ತವೆ. ಕ್ಲೋರಿನ್ ಆ ಲೋಳೆಯ ಮೇಲ್ಪದರದಲ್ಲೇ ಖರ್ಚಾಗಿ ಹೋಗುತ್ತದೆ. ಪ್ಲಗ್ ಕಿತ್ತು, ಬಿಸಿನೀರಿನ ಟ್ಯಾಂಕ್ ತಣಿಯುವವರೆಗೆ ಕಾದು, ಹಿಂಬದಿಯ ಡ್ರೈನ್ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಮೃದು ಬ್ರಷ್ ಸಾಕು. ಸ್ಟೀಲ್ ಜುಂಗು ಬೇಡ, ಅದು ಎಬ್ಬಿಸಿದ ಗೀರುಗಳೇ ಮುಂದಿನ ಲೋಳೆಗೆ ನೆಲೆ. ಹೆಚ್ಚಿನವರು ಮರೆಯುವ ಜಾಗ ನಲ್ಲಿ. ತಿರುಪು ಬಿಚ್ಚಿದರೆ ಒಳಗೆ ಸ್ಪ್ರಿಂಗು, ಸಿಲಿಕೋನ್ ರಬ್ಬರಿನ ಬಿರಡೆ ಸಿಗುತ್ತವೆ. ಆ ಬಿರಡೆಯ ಅಡಿಯಲ್ಲಿ ಕಪ್ಪು ಬೂಷ್ಟು ಇಲ್ಲದ ಕೂಲರ್ ಮಳೆಗಾಲದಲ್ಲಿ ಅಪರೂಪ. ಲೋಟ ತುಂಬಿದಾಗಲೆಲ್ಲ ಕ್ಯಾನಿನೊಳಗೆ ಗುಳುಗುಳು ಎಂದು ಏರುವುದು ಕೋಣೆಯ ಗಾಳಿ, ಬೂಷ್ಟಿನ ಕಣಗಳು ಅದರ ಜೊತೆಗೇ ಬರುತ್ತವೆ. ಸಿಲಿಕೋನ್ ಬಿರಡೆಯನ್ನು ಬೇರೆ ಪಾತ್ರೆಯಲ್ಲಿ ಐದು ನಿಮಿಷ ಕುದಿಸಬಹುದು. ಕೂಲರಿನೊಳಗೆ ಮಾತ್ರ ಕುದಿನೀರು ಸುರಿಯಬೇಡಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ತಣ್ಣನೆಯ ಟ್ಯಾಂಕಿಗೆ ಸುತ್ತಿದ ಕಾಯಿಲಿನ ಗ್ಯಾಸಿನ ಒತ್ತಡವೂ ಏರುತ್ತದೆ.

ಈಗ ಕ್ಲೋರಿನ್ ಕೊಡುವ ಇಬ್ಬರನ್ನು, ಅಂದರೆ ಬ್ಲೀಚಿಂಗ್ ಪೌಡರ್ ಮತ್ತು ಹೈಪೋವನ್ನು, ಪಕ್ಕಪಕ್ಕ ಇಟ್ಟು ನೋಡೋಣ. ಗುರಿ ಎರಡರಲ್ಲೂ ಒಂದೇ: ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್, 30 ನಿಮಿಷ. ಬ್ಲೀಚಿಂಗ್ ಪೌಡರ್ ಹೊಸದಿದ್ದರೆ ಅದರಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಹಾಗಾದರೆ 10 ಲೀಟರಿಗೆ 3 ಗ್ರಾಂ, 80 ಲೀಟರ್ ಟ್ಯಾಂಕಿಗೆ 24 ಗ್ರಾಂ. ತೊಂದರೆ ಇರುವುದು ಆ ‘ಹೊಸದಿದ್ದರೆ’ ಎಂಬಲ್ಲಿ. ತೇವ ತಾಗಿದರೆ ಪುಡಿ ಗಂಟುಗಟ್ಟಿ ಸತ್ವ ಬಿಡುತ್ತದೆ. ಆಗುಂಬೆ, ಹೊಸನಗರದ ಕಡೆ ಬಾಯಿ ಬಿಚ್ಚಿದ ಚೀಲ ಆಷಾಢ ದಾಟುವಷ್ಟರಲ್ಲಿ ಬರೀ ಸುಣ್ಣವಾಗಿರುತ್ತದೆ. ಸತ್ವ 15 ಶೇಕಡಾಕ್ಕೆ ಇಳಿದಿದ್ದರೆ ಅದೇ ಟ್ಯಾಂಕಿಗೆ 53 ಗ್ರಾಂ ಬೇಕು, ಆದರೆ ಎಷ್ಟಕ್ಕೆ ಇಳಿದಿದೆ ಎಂದು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಎರಡನೆಯ ತೊಡಕು ಸುಣ್ಣದ ಗಸಿ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿದರೆ ನಲ್ಲಿಯ ಬಾಯಿ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಅರ್ಧ ಗಂಟೆ ತಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಬೇಕು.

ಹೈಪೋ ದ್ರಾವಣಕ್ಕೆ ಗಸಿ ಇಲ್ಲ, ಅಳತೆಯೂ ಸುಲಭ. ಲೇಬಲ್ಲಿನಲ್ಲಿ 5 ಶೇಕಡಾ ಎಂದಿದ್ದರೆ 10 ಲೀಟರಿಗೆ 20 ಮಿಲಿಲೀಟರ್, 80 ಲೀಟರಿಗೆ 160. ಲೇಬಲ್ 4 ಶೇಕಡಾ ಎಂದರೆ 200. ಇದೂ ಇಟ್ಟಷ್ಟು ದಿನ ಸಪ್ಪೆಯಾಗುವ ಸರಕೇ. ಬಿಸಿಲು ತಾಗಿದರಂತೂ ಬೇಗ. ಹಾಗಾಗಿ ತಯಾರಿಕೆಯ ತಿಂಗಳು ನೋಡಿ ಸಣ್ಣ ಬಾಟಲಿ ಕೊಳ್ಳಬೇಕು, ಪರಿಮಳ ಬೆರೆಸಿದ್ದು, ನೊರೆ ಬರುವಂಥದ್ದು ಬೇಡ. ಟ್ಯಾಂಕನ್ನು ಅಂಚಿನವರೆಗೆ ತುಂಬಿ, ಪ್ರತಿ ನಲ್ಲಿಯಿಂದ ಒಂದೊಂದು ಲೋಟ ಹರಿಸಿ, ಆಮೇಲೆ ಗಡಿಯಾರ ನೋಡಿ. ಕಂಪ್ರೆಸರ್ ಆಫ್ ಇರಲಿ, ತಣ್ಣೀರಿನಲ್ಲಿ ಕ್ಲೋರಿನ್ ನಿಧಾನ. ಹೆಚ್ಚು ಹೊತ್ತಿಟ್ಟರೆ ಹೆಚ್ಚು ಶುದ್ಧಿ ಎಂದು ರಾತ್ರಿಯಿಡೀ ಬಿಡುವುದು ದೊಡ್ಡ ತಪ್ಪು. ಸ್ಟೀಲಿನ ಬೆಸುಗೆಯ ಗೆರೆಯಲ್ಲಿ ಸೂಜಿಮೊನೆಯಂಥ ತೂತುಗಳು ಶುರುವಾಗುತ್ತವೆ. ಕೂಲರಿಗೆ ಕಾರ್ಬನ್ ಫಿಲ್ಟರ್ ಇದ್ದರೆ ಮೊದಲೇ ಕಳಚಿಡಿ, ಅದು ಕ್ಲೋರಿನ್ನನ್ನು ನುಂಗುತ್ತದೆ. ಆರ್‌ಓ ಮೆಂಬ್ರೇನನ್ನು ಕ್ಲೋರಿನ್ ಹಾಳುಮಾಡುತ್ತದೆ, ಅದನ್ನೂ ದೂರವಿಡಿ.

ನಮ್ಮ ಸೀಮೆಯಲ್ಲಿ ಕ್ಲೋರಿನ್ ಇನ್ನೊಂದು ಗಾಬರಿ ಹುಟ್ಟಿಸುತ್ತದೆ. ಜಂಬಿಟ್ಟಿಗೆ ನೆಲದ ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಹೈಪೋ ಬಿದ್ದೊಡನೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಟ್ಯಾಂಕ್ ತುಕ್ಕು ಹಿಡಿದಿದೆ ಎಂದುಕೊಳ್ಳಬೇಡಿ, ನೀರಿನಲ್ಲಿ ಕರಗಿದ್ದ ಕಬ್ಬಿಣ ಹೊರಬಂದಿದೆ ಅಷ್ಟೆ. ಆದರೆ ಅಷ್ಟು ಕ್ಲೋರಿನ್ ಅದಕ್ಕೇ ವ್ಯಯವಾಗಿರುತ್ತದೆ. ಎಲೆಗೊಬ್ಬರದ ಕಂದು ಇಳಿದ ಅಬ್ಬಿ ನೀರಿನದೂ ಇದೇ ಕಥೆ. ದ್ರಾವಣ ಕದಡಲು ನಗರದ ತುಂಗಾ ನಲ್ಲಿ ನೀರನ್ನೋ ಕ್ಯಾನಿನ ನೀರನ್ನೋ ಬಳಸುವುದು ಲೇಸು.

ನಿಂಬೆ ಉಪ್ಪು ಬೇಕಾಗುವುದು ಇಲ್ಲೇ. ಲೀಟರಿಗೆ 20 ಗ್ರಾಂ, ಅರ್ಧ ಗಂಟೆ: ಕೆಂಗಂದು ಕಲೆ, ಬಿಸಿ ಟ್ಯಾಂಕಿನ ಬಿಳಿ ಪೊರೆ ಎರಡೂ ಸಡಿಲವಾಗುತ್ತವೆ. ತುಂಗಾ ನೀರು ಮೆದು, ಆದ್ದರಿಂದ ನಗರದೊಳಗೆ ಪೊರೆ ಕಡಿಮೆ. ಬೋರ್‌ವೆಲ್ ಬಡಾವಣೆಗಳಲ್ಲಿ ಇದಿಲ್ಲದೆ ಆಗುವುದಿಲ್ಲ. ಆದರೆ ಸೂಕ್ಷ್ಮಾಣುಗಳ ಮಟ್ಟಿಗೆ ಇದನ್ನಾಗಲಿ ವಿನೆಗರನ್ನಾಗಲಿ ನೆಚ್ಚಬಾರದು. ಹುಳಿ ಮುಗಿದ ಮೇಲೆ ಮೂರು ಸಲ ತೊಳೆದೇ ಕ್ಲೋರಿನ್ ಹಾಕಿ. ಹುಳಿ ಮತ್ತು ಹೈಪೋ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಪೆರಾಕ್ಸೈಡ್ ಮೆಡಿಕಲ್ ಅಂಗಡಿಯಲ್ಲಿ ಸಿಗುವುದು. 6 ಶೇಕಡಾದ್ದಾದರೆ ಅಷ್ಟೇ ನೀರು ಬೆರೆಸಿ 3ಕ್ಕೆ ಇಳಿಸಿ, 30 ನಿಮಿಷ ನಿಲ್ಲಿಸಿ. ಡಿಸ್ಪೆನ್ಸರಿನ ಒಳ ಟ್ಯಾಂಕ್ 3 ಲೀಟರಿನದಾದರೆ 6 ಶೇಕಡಾದ್ದು ಒಂದೂವರೆ ಲೀಟರ್ ಬೇಕು. 80 ಲೀಟರಿಗೆ ಇದು ಕೈಗೆಟಕದ ಖರ್ಚು. ಗುಣವೆಂದರೆ ಕೊನೆಗೆ ನೀರು, ಆಮ್ಲಜನಕವಾಗಿ ಒಡೆದುಹೋಗುತ್ತದೆ, ವಾಸನೆ ಉಳಿಯುವುದಿಲ್ಲ. ನಮಗೆ ಬಹಳ ಹಿಡಿಸಿದ್ದು ಅದರ ನೊರೆ. ಉಜ್ಜದೆ ಬಿಟ್ಟ ಲೋಳೆ ಎಲ್ಲಿದೆಯೋ ಅಲ್ಲೇ ಬುರುಬುರು ಏಳುತ್ತದೆ, ಅಲ್ಲಿಗೆ ಮತ್ತೆ ಬ್ರಷ್ ಹಾಕಬಹುದು. ತುಕ್ಕಿನ ಕಲೆಯ ಮೇಲೂ ನೊರೆ ಬಂದು ಸುಮ್ಮನೆ ಪೋಲಾಗುತ್ತದೆ, ಹಾಗಾಗಿ ಮೊದಲು ನಿಂಬೆ ಉಪ್ಪು.

ಯಾವುದನ್ನು ಬಳಸಿದ್ದರೂ ಕೊನೆಗೆ ಒಳ್ಳೆಯ ನೀರನ್ನು ಎರಡು ಮೂರು ಸಲ ತುಂಬಿಸಿ, ನಲ್ಲಿಗಳಿಂದಲೇ ಖಾಲಿ ಮಾಡಿ. ಬಿಸಿ ನಲ್ಲಿಯಲ್ಲಿ ನೀರು ಒಂದೇ ಧಾರೆಯಾಗಿ ಬಂದ ಮೇಲೆಯೇ ಹೀಟರ್ ಸ್ವಿಚ್ ಒತ್ತಿ, ಖಾಲಿ ಟ್ಯಾಂಕಿನಲ್ಲಿ ಅದು ಸುಟ್ಟುಹೋಗುತ್ತದೆ. ಫಲ ಪರೀಕ್ಷಿಸಲು ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಬಾಟಲಿ ಸಾಕು: ಗುರುತಿನವರೆಗೆ ನೀರು ತುಂಬಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಸುಳಿವು. ತೊಳೆದ ದಿನವೇ ನೀರು ಹಿಡಿಯಬೇಡಿ, ಉಳಿದ ಕ್ಲೋರಿನ್ ಸುಳ್ಳು ಸಮಾಧಾನ ಕೊಡುತ್ತದೆ. ಎರಡು ದಿನ ಬಿಟ್ಟು ಹಿಡಿದು, ಚಳಿಗಾಲವಾದರೆ ಬಾಟಲಿಯನ್ನು ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿಡಿ.