ಮೊದಲ ದಿನದ ರೇಟಿಂಗ್ ನಂಬಿ 3,252 ರೂಪಾಯಿ ಕಳೆದುಕೊಂಡ ಕತೆ

2024ರಲ್ಲಿ ನನಗೆ ತೀರಾ ಬೇಸರ ತರಿಸಿದ ಸಿನಿಮಾದ ಹೆಸರು ಇಲ್ಲಿ ಹೇಳುವುದಿಲ್ಲ. ಯಾವ ಭಾಷೆ, ಯಾವ ತಿಂಗಳು ಅಂತಲೂ ಹೇಳುವುದಿಲ್ಲ. ಹೇಳಿದರೆ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ, ಅಸಲು ಮಾತು ಮೂಲೆಗೆ ಬೀಳುತ್ತದೆ. ಸಿನಿಮಾ ಕೆಟ್ಟದಾಗಿತ್ತು ಅನ್ನೋದು ನನ್ನ ದೂರಲ್ಲ. ವಾರಕ್ಕೊಂದು ನೋಡುವವನಿಗೆ ಕೆಟ್ಟ ಸಿನಿಮಾ ಹೊಸದೇನಲ್ಲ. ನಾನು ಅಲ್ಲಿಗೆ ಹೋಗಿ ಬಿದ್ದದ್ದು ಹೇಗೆ ಅನ್ನೋದನ್ನು ಹೇಳುತ್ತೇನೆ, ನೀವು ಬೀಳಬೇಡಿ.

ಶುರು ಮಾರ್ಚ್‌ನಿಂದ. ಊರಿಂದ ಅಪ್ಪ ಬಂದಿದ್ದರು. ನಮ್ಮದು ಸೊರಬದ ಕಡೆ. 'ಕೆರೆಬೇಟೆ' ಅನ್ನೋ ಸಿನಿಮಾ ಮಾರ್ಚ್ 15ಕ್ಕೆ ಬಿಡುಗಡೆ ಆಗಿತ್ತು. ಹೆಸರು ಕೇಳಿದ್ದೇ ಅಪ್ಪನ ಮುಖ ಅರಳಿತು. ಬೇಸಿಗೆಯಲ್ಲಿ ಕೆರೆ ನೀರು ತಗ್ಗಿದಾಗ ಊರಿಗೆ ಊರೇ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ಕೆಸರಿಗೆ ಇಳಿಯುತ್ತಲ್ಲ, ಅದನ್ನು ಮೈಯಲ್ಲಿ ಉಂಡವರು ಅವರು. ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ತಡಕೋದು. "ಅದನ್ನ ಸಿನಿಮಾ ಮಾಡಿದಾರಾ? ಕರ್ಕೊಂಡು ಹೋಗು ಮಾರಾಯಾ" ಅಂದರು. ಮುಂದಿನ ವಾರ ಹೋಗೋಣ ಅಂದೆ. ಆಫೀಸಿನಲ್ಲಿ ತಿಂಗಳ ಕೊನೆಯ ಕೆಲಸ. ಮುಂದಿನ ವಾರ ನೋಡಿದರೆ ನಮ್ಮ ಹತ್ತಿರದ ಮಲ್ಟಿಪ್ಲೆಕ್ಸ್‌ನಲ್ಲಿ ಅದು ಇರಲೇ ಇಲ್ಲ. ದೂರದ ಒಂದು ಕಡೆ ರಾತ್ರಿ ಹತ್ತೂವರೆಗೆ ಒಂದೇ ಒಂದು ಶೋ. ಎಪ್ಪತ್ತರ ಅಪ್ಪನನ್ನು ಆ ಹೊತ್ತಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ?

ಆ ತಪ್ಪು ತೊಳೆದುಕೊಳ್ಳೋಣ ಅಂತಲೇ, ಅವರು ಇನ್ನೊಮ್ಮೆ ಬಂದಾಗ, ಹೆಸರು ಹೇಳಲ್ಲ ಅಂದೆನಲ್ಲ, ಆ ದೊಡ್ಡ ಸಿನಿಮಾಕ್ಕೆ ಕರೆದುಕೊಂಡು ಹೊರಟೆ. ಬಿಡುಗಡೆಯ ದಿನ ಶುಕ್ರವಾರ. ಬೆಳಗ್ಗೆ ಹನ್ನೊಂದಕ್ಕೆ ಟಿಕೆಟ್ ಬುಕ್ ಮಾಡುವ ಆ್ಯಪ್ ತೆಗೆದರೆ ಹತ್ತಕ್ಕೆ 9.6 ರೇಟಿಂಗ್. ಹತ್ತು ಗಂಟೆಯ ಶೋಗೆ ಹೋದವರು ಇನ್ನೂ ಇಂಟರ್ವಲ್ ಸಮೋಸಾ ತಿಂದಿರಲಿಕ್ಕಿಲ್ಲ, ಆಗಲೇ ಸಾವಿರಗಟ್ಟಲೆ ಓಟು! ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸಂಜೆ ಶೋದ ಸೀಟು ನೋಡಿದೆ, ಮಧ್ಯದ ಆರು ಸಾಲು ಪೂರ್ತಿ ಬುಕ್. ಅಯ್ಯೋ ಸಿಗಲ್ಲ ಅಂತ ಗಾಬರಿಯಲ್ಲಿ ಬದಿಯ ನಾಲ್ಕು ಸೀಟು ಹಿಡಿದೆ. ಅಪ್ಪ, ನಾನು, ಹೆಂಡತಿ, ಮಗಳು. ತಲೆಗೆ 450ರಂತೆ 1,800. ಕನ್ವೀನಿಯನ್ಸ್ ಫೀ 212. ಪಾಪ್‌ಕಾರ್ನ್, ನೀರು 1,140. ಪಾರ್ಕಿಂಗ್ 100. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅಂತ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಓದಿದ್ದು ಆಮೇಲೆ.

ಒಳಗೆ ಹೋದೆವು. ಆ ಮಧ್ಯದ ಆರು ಸಾಲು ಖಾಲಿ. ಟೈಟಲ್ ಬಂತು, ಖಾಲಿ. ಹೀರೋ ಎಂಟ್ರಿ ಆಯಿತು, ಖಾಲಿ. ನಾವೋ, ಬದಿಯಲ್ಲಿ ಕುತ್ತಿಗೆ ತಿರುಗಿಸಿಕೊಂಡು ಕೂತಿದ್ದೇವೆ. ಅಭಿಮಾನಿ ಸಂಘದವರೋ, ಸಿನಿಮಾದವರೋ, ಯಾರೋ ಒಟ್ಟಿಗೆ ಕೊಂಡಿಟ್ಟ ಸೀಟುಗಳು. ಈಗ ನನಗೆ ಅದರ ಗುರುತು ಸಿಗುತ್ತೆ. ನಿಜವಾದ ಜನ ಬುಕ್ ಮಾಡಿದರೆ ಇಬ್ಬರು, ಮೂವರು, ಐವರು ಅಂತ ಬರುತ್ತಾರೆ, ನಡುವೆ ಅಲ್ಲೊಂದು ಇಲ್ಲೊಂದು ಸೀಟು ಉಳಿಯುತ್ತೆ, ಹಲ್ಲು ಬಿದ್ದ ಬಾಯಿ ಥರ. ಒಂದು ಸೀಟೂ ಬಿಡದೆ ಸಾಲಿಗೆ ಸಾಲೇ ಭರ್ತಿ ಆಗಿ, ಪಕ್ಕದ ಸಾಲು ಪೂರ್ತಿ ಖಾಲಿ ಇದ್ದರೆ ಒಂದು ಗಳಿಗೆ ನಿಲ್ಲಿ. ಶೋಗೆ ಅರ್ಧ ಗಂಟೆ ಇರುವಾಗ ಇನ್ನೊಮ್ಮೆ ನೋಡಿ ಬುಕ್ ಮಾಡಿ. ಏನೂ ಮುಳುಗಲ್ಲ.

ಅಪ್ಪ ಇಂಟರ್ವಲ್‌ಗೆ ಮುಂಚೆಯೇ ಗೊರಕೆ ಹೊಡೆಯಲು ಶುರು ಮಾಡಿದ್ದರು. ಹೀರೋ ಇಪ್ಪತ್ತು ಜನರನ್ನು ಒಟ್ಟಿಗೆ ಎತ್ತಿ ಎಸೆದಾಗ ಒಮ್ಮೆ ಎಚ್ಚರ ಆಗಿ, "ಮುಗೀತೇನೋ?" ಅಂದರು. ಇನ್ನೂ ಒಂದೂಕಾಲು ಗಂಟೆ ಇತ್ತು.

ಹೊರಗೆ ಗೇಟಿನ ಹತ್ತಿರ ಮೈಕ್ ಹಿಡಿದ ಹುಡುಗ ಅಪ್ಪನನ್ನು ನಿಲ್ಲಿಸಿದ. "ಅಂಕಲ್, ಹೇಗಿತ್ತು ಸಿನಿಮಾ?" ಅಪ್ಪ ನಿಧಾನಕ್ಕೆ, "ಏಸಿ ಚೆನ್ನಾಗಿತ್ತಪ್ಪ, ನಿದ್ದೆ ಬಂತು" ಅಂದರು. ನಮ್ಮ ಹಿಂದೆಯೇ ಒಬ್ಬ ಬಂದ. ಅವನು ಬಂದದ್ದು ಬಾಗಿಲ ಕಡೆಯಿಂದಲ್ಲ, ರಸ್ತೆ ಕಡೆಯಿಂದ. "ಬೆಂಕಿ ಬ್ರೋ ಬೆಂಕಿ, ಫ್ಯಾಮಿಲಿ ಸಮೇತ ನೋಡಿ!" ರಾತ್ರಿ ವಿಡಿಯೋ ಹುಡುಕಿ ನೋಡಿದೆ. ಬೆಂಕಿಯವನು ಇದ್ದ. ಅಪ್ಪ ಇರಲಿಲ್ಲ. ಆ ಸಿಟ್ಟಲ್ಲೇ ಆ್ಯಪ್‌ನ ವಿಮರ್ಶೆಗಳನ್ನು ಒಂದೊಂದಾಗಿ ಓದಿದೆ. ಆರು ಬೇರೆ ಬೇರೆ ಹೆಸರು, ಒಂದೇ ವಾಕ್ಯ. ಆರರಲ್ಲೂ 'ಸಿನಿಮಾ' ಅನ್ನೋದು 'ಸಿನಮಾ' ಆಗಿತ್ತು. ಕಾಪಿ ಹೊಡೆಯುವವರು ತಪ್ಪನ್ನಾದರೂ ತಿದ್ದಿಕೊಳ್ಳಬಾರದೇ?

ನಾಚಿಕೆ ಆಗುವ ವಿಷಯ ಇನ್ನೊಂದಿದೆ. ಜೂನ್‌ನಲ್ಲಿ ನಾನೇ 'ಶಿವಮ್ಮ ಯರೇಹಂಚಿನಾಳ' ನೋಡಿ ಬಂದಿದ್ದೆ. ಭಾನುವಾರ ಬೆಳಗಿನ ಶೋ, ಒಳಗೆ ಏಳು ಜನ. ಜೈಶಂಕರ್ ಆರ್ಯರ್ ಅವರ ಸಿನಿಮಾ, 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿದ್ದು. ಕೊಪ್ಪಳ ಜಿಲ್ಲೆಯ ಹಳ್ಳಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ ನೆಟ್‌ವರ್ಕ್ ಮಾರ್ಕೆಟಿಂಗ್‌ನವರ ಮಾತು ನಂಬಿ, ಶಕ್ತಿ ಬರುವ ಪುಡಿ ಅಂತ ಊರವರಿಗೆಲ್ಲ ಮಾರಲು ಹೊರಡುತ್ತಾಳೆ. ಶರಣಮ್ಮ ಚಟ್ಟಿ ಆ ಪಾತ್ರ ಮಾಡಿದ ರೀತಿ ಇನ್ನೂ ಕಣ್ಣಲ್ಲಿದೆ. ನನ್ನ ಮಟ್ಟಿಗೆ ವರ್ಷದ ಸಿನಿಮಾ ಅದೇ. ಯಾರೋ ಹೇಳಿದ್ದನ್ನೆಲ್ಲ ಹೀಗೆ ನಂಬ್ತಾರಲ್ಲ ಅಂತ ನಕ್ಕು ಬಂದವನು, ಆಮೇಲೆ 9.6 ಅನ್ನೋ ಪುಡಿ ಕೊಂಡುಕೊಂಡೆ.

ಇಷ್ಟವಾದ ಉಳಿದವುಗಳದ್ದೂ ಇದೇ ಪಾಡು. ಫೆಬ್ರವರಿಯ 'ಶಾಖಾಹಾರಿ' ನನಗೆ ಥಿಯೇಟರ್‌ನಲ್ಲಿ ಸಿಕ್ಕಿದ್ದು ಪುಣ್ಯ. ಮಲೆನಾಡಿನ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು, ಪೊಲೀಸ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಇಬ್ಬರೂ ಸುಮ್ನೆ ನಿಂತರೂ ಸಾಕು. ಮಾರ್ಚ್‌ನಲ್ಲಿ 'ಬ್ಲಿಂಕ್' ಬಂತು. ಶ್ರೀನಿಧಿ ಬೆಂಗಳೂರು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕತೆಯನ್ನು ಕಡಿಮೆ ದುಡ್ಡಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾರೆ! 'ಫೋಟೋ' ಮಾತ್ರ ತಪ್ಪಿಹೋಯಿತು. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಬೇಕು ಅಂತ ರಾಯಚೂರು ಕಡೆಯಿಂದ ಬರುವ ಹುಡುಗ, ಲಾಕ್‌ಡೌನ್. ಆಮೇಲೆ ಮನೆಯಲ್ಲಿ ನೋಡಿ ಅತ್ತೆ. ಇಂಥವಕ್ಕೆ ಸಿಗುವುದು ಒಂದು ವಾರ, ಅದೂ ಬೆಳಗ್ಗೆ ಇಲ್ಲವೇ ತಡರಾತ್ರಿ. ಹಾಗಾಗಿ ಈಗ ನಾನು ಲೆಕ್ಕ ತಿರುಗಿಸಿದ್ದೇನೆ. ಸಣ್ಣ ಸಿನಿಮಾಕ್ಕೆ ಮೊದಲ ಶನಿವಾರವೇ ಹೋಗುತ್ತೇನೆ. ದೊಡ್ಡದು ಸೋಮವಾರದ ನಂತರ. ಚೆನ್ನಾಗಿದ್ದರೆ ಅಷ್ಟೊತ್ತಿಗೂ ಇರುತ್ತೆ, ಟಿಕೆಟ್ಟೂ ಎಷ್ಟೋ ಕಡೆ ಕಡಿಮೆ ಆಗಿರುತ್ತೆ. ರೇಟಿಂಗ್ ಬದಲು, ನನ್ನ ಥರದ್ದೇ ರುಚಿ ಇರೋ ಇಬ್ಬರು ಗೆಳೆಯರಿಗೆ ಫೋನ್ ಮಾಡುತ್ತೇನೆ. ಅದರಲ್ಲೊಬ್ಬ ಎಲ್ಲವನ್ನೂ ಬೈತಾನೆ, ಅವನು ಸುಮ್ಮನಿದ್ದರೆ ಸಿನಿಮಾ ಒಳ್ಳೆಯದು ಅಂತ ಅರ್ಥ.

'ಕೆರೆಬೇಟೆ'ಯನ್ನು ಅಪ್ಪನಿಗೆ ಕೊನೆಗೂ ಮನೆಯಲ್ಲೇ ತೋರಿಸಿದೆ. ಜನ ಕೂಣಿ ಹಿಡಿದು ಕೆರೆಗೆ ಇಳಿಯುವಾಗ ಅಪ್ಪ ಸೋಫಾದಿಂದ ಎದ್ದು ಟಿವಿ ಹತ್ತಿರ ಹೋಗಿ ನಿಂತರು. "ಇನ್ನೂ ಬಗ್ಗಬೇಕು, ಇನ್ನೂ" ಅಂತ ಕೈಯಲ್ಲಿ ಒತ್ತಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ದೊಡ್ಡ ಪರದೇಲಿ ನೋಡ್ಬೇಕಿತ್ತಲ್ಲ ಮಾರಾಯಾ" ಅಂದರು. ನಮ್ಮ ಟಿವಿ 32 ಇಂಚಿನದು.