850 ರೂಪಾಯಿಯ ಚಾರ್ಟು, ಪ್ರಿಂಟ್ ಹಾಕಿಸಿದ ಕಥೆ, ಹಳೆ ಲಗ್ನಪತ್ರಿಕೆ: ನಲಿ-ಕಲಿ ತರಗತಿಗೆ ಯಾವುದು?

ಅಕ್ಷರ ಕಲಿಸಲು ನನ್ನ ವೋಟು ಹಳೆ ಲಗ್ನಪತ್ರಿಕೆಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅಲ್ಲಿಗೆ ಬರುವ ಮೊದಲು 850 ರೂಪಾಯಿ ಕಳೆದುಕೊಂಡೆ.

ನಾನು ಹಾಸನದ ಕಡೆಯವಳು. ಕೆಲಸ ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ. ನಮ್ಮದು ನಲಿ-ಕಲಿ ತರಗತಿ, ಅಂದರೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ಪದ್ಧತಿ. 31 ಮಕ್ಕಳು. ಅರ್ಧದಷ್ಟು ತಾಂಡಾದವರು, ಮನೆಯಲ್ಲಿ ಲಂಬಾಣಿ ಮಾತು. ಐದಾರು ಮಕ್ಕಳದು ಉರ್ದು. ಶಾಲೆಯಲ್ಲಿದ್ದ ಕಾರ್ಡುಗಳು ಮಕ್ಕಳ ಕೈಯಲ್ಲಿ ಸವೆದು ಹೋಗಿದ್ದವು. ಹಾಗಾಗಿ ಪೇಟೆಗೆ ಹೋದಾಗ ವರ್ಣಮಾಲೆಯ ದೊಡ್ಡ ಚಾರ್ಟು, ಜೊತೆಗೆ ಒಂದು ಡಬ್ಬಿ ಕಾರ್ಡು ತಂದೆ. ಹೊಳೆಯುವ ಬಣ್ಣ, ನೀರು ಬಿದ್ದರೂ ಹಾಳಾಗುವುದಿಲ್ಲ. ಗೋಡೆಗೆ ಹಾಕಿದ ದಿನ ನನಗೇ ಖುಷಿ.

ಮೊದಲ ಚೌಕದಲ್ಲೇ ಎಡವಟ್ಟು. 'ಅ – ಅಗಸ'. ಕತ್ತೆ, ಬಟ್ಟೆಯ ಗಂಟು, ತಲೆಗೆ ರುಮಾಲು ಸುತ್ತಿದ ಮನುಷ್ಯ. ನಾನೂ ಚಿಕ್ಕಂದಿನಲ್ಲಿ ಹೀಗೇ ಕಲಿತವಳು, ಕೊಳ್ಳುವಾಗ ಕಣ್ಣಿಗೇ ಬೀಳಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ, 'ಟೀಚರ್, ಇದು ಇವನ ಮುತ್ಯಾ ನೋಡ್ರಿ!' ಮುತ್ಯಾ ಅಂದರೆ ಅಜ್ಜ. ಎಲ್ಲರೂ ನಕ್ಕರು. ಕೂಗಿದವನು ಬೆರಳು ತೋರಿಸಿದ್ದು ಮಡಿವಾಳರ ಮನೆಯ ಹುಡುಗನ ಕಡೆಗೆ. ಅವನೂ ನಕ್ಕ. ಮಧ್ಯಾಹ್ನ ಊಟಕ್ಕೆ ಮಾತ್ರ ಬೇರೆ ಸಾಲಿನಲ್ಲಿ ಕೂತ.

ಇದು ಅಲ್ಲಿಗೇ ಮುಗಿಯಲಿಲ್ಲ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ, ಆ ಎಂದಲ್ಲ; ರ, ಗ, ಸ, ದ, ಅ ಎಂದು. ಬರೆಯಲು ಸುಲಭ, ಬೇಗ ಪದ ಕಟ್ಟಬಹುದು. ನಾನು ಮೆಚ್ಚಿಕೊಂಡಿರುವ ಕ್ರಮವೇ ಅದು. ಆದರೆ ಆ ಐದರಲ್ಲಿ 'ಸರ', 'ಅರಸ' ಬರುವ ಹಾಗೆ 'ಅಗಸ' ಕೂಡ ಬರುತ್ತದೆ. ಎರಡು ವಾರದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಆ ಪದ ಬಂತು, ಪಕ್ಕದಲ್ಲಿ ಹುಡುಗನ ಹೆಸರು. ನಮ್ಮ ಮಕ್ಕಳು ಯಾರೂ ಹೇಳಿಕೊಡದೆ ಬರೆದ ಮೊದಲ ಪದ ಅದು! ತಪ್ಪಿಲ್ಲದೆ ಬರೆದಿದ್ದರು ಬೇರೆ.

ಬಟ್ಟೆ ಮಡಿ ಮಾಡುತ್ತಿದ್ದ ಶರಣ ಮಡಿವಾಳ ಮಾಚಿದೇವರ ಊರು ದೇವರ ಹಿಪ್ಪರಗಿ ಇರುವುದು ಇದೇ ಜಿಲ್ಲೆಯಲ್ಲಿ. ಅವರ ಹೆಸರು ಬಂದರೆ ಕೈಮುಗಿಯುವ ಊರಿನಲ್ಲೇ ಹೀಗೆ. ಅಂಗಡಿಯವರಿಗೆ ಫೋನ್ ಮಾಡಿದೆ. 'ಮೇಡಂ, ಎಲ್ಲ ಚಾರ್ಟಲ್ಲೂ ಅದೇ ಇರೋದು' ಎಂದರು. ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಉಳಿದ ಚೌಕಗಳನ್ನೂ ಸರಿಯಾಗಿ ನೋಡಿದೆ. ಋಷಿ, ಯಜ್ಞ, ಐರಾವತ. ರೊಟ್ಟಿ ಇಲ್ಲ, ಕುರಿ ಇಲ್ಲ, ಕಬ್ಬು ಇಲ್ಲ. ನಮ್ಮ ಮಕ್ಕಳ ಮನೆಯಲ್ಲಿ ಇರುವುದು ಒಂದೂ ಇಲ್ಲ.

ಎರಡನೆಯದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್, ಮಕ್ಕಳ ಕಥೆಗಳ ಜಾಲತಾಣ. 2015ರಿಂದ ಇದೆ, ಕನ್ನಡದಲ್ಲೂ ಬೇಕಾದಷ್ಟು ಕಥೆ, ಪುಕ್ಕಟೆ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಚಿತ್ರದಲ್ಲಿ ಎಲ್ಲ ಬಗೆಯ ಮನೆ, ಎಲ್ಲ ಬಗೆಯ ಮಕ್ಕಳು. ಇದನ್ನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. ತೊಡಕು ಎರಡೇ. ಬಣ್ಣದ ಪ್ರಿಂಟ್ ದುಬಾರಿ, ಕಪ್ಪು-ಬಿಳುಪಿನಲ್ಲಿ ಚಿತ್ರ ಮಂಕು. ಮತ್ತೆ, ಅದರ ಕನ್ನಡ ಪುಸ್ತಕದ ಕನ್ನಡ. 'ಹೋಗುತ್ತಿದ್ದೇನೆ' ಎಂದು ಓದಿದರೆ ಇಲ್ಲಿನ ಮಕ್ಕಳು 'ಹೊಂಟೀನಿ' ಎಂದು ತಿದ್ದುತ್ತಾರೆ. ತಾಂಡಾದ ಮಕ್ಕಳು ಅದನ್ನೂ ತಿದ್ದುವುದಿಲ್ಲ, ಸುಮ್ನೆ ಕೂರುತ್ತಾರೆ.

ಅವರು ಬಾಯಿ ಬಿಟ್ಟಿದ್ದು ಲಗ್ನಪತ್ರಿಕೆ ಬಂದ ಮೇಲೆ. ಮದುವೆ ಮುಗಿದ ಮನೆಗಳಿಂದ ಮಕ್ಕಳೇ ತಂದರು. ದಪ್ಪ ಕಾಗದ, ಹಿಂಬದಿ ಖಾಲಿ. ನಾಲ್ಕಾಗಿ ಕತ್ತರಿಸಿದರೆ ಒಳ್ಳೆ ಕಾರ್ಡು. ಪದ ಮಕ್ಕಳದೇ, ಚಿತ್ರವೂ ಅವರದೇ. ಒಂದು ಕಾರ್ಡಿನ ಮೇಲೆ 'ಅವ್ವ', ಕೆಳಗೆ 'ಯಾಡಿ'. 'ರೊಟ್ಟಿ', ಕೆಳಗೆ 'ಬಾಟಿ'. ಲಂಬಾಣಿಗೆ ಬೇರೆ ಲಿಪಿ ಏನೂ ಬೇಕಾಗಲಿಲ್ಲ, ಕನ್ನಡ ಅಕ್ಷರದಲ್ಲೇ ಬರೆದೆವು. 'ನೀರು' ಬರೆದ ದಿನ ತಾಂಡಾದ ಹುಡುಗಿ 'ಪಾಣಿ' ಎಂದಳು, ಉರ್ದು ಮಾತಾಡುವ ಹುಡುಗ 'ನಮ್ದೂ ಅದೇ!' ಎಂದು ಎದ್ದು ನಿಂತ. ಆ ಹುಡುಗಿಯ ದನಿ ನಾನು ಸರಿಯಾಗಿ ಕೇಳಿದ್ದು ಅಂದೇ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸಿ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ತರಬೇತಿಯಲ್ಲಿ ಕೇಳಿದ್ದೆ, ಬರೆದೂ ಕೊಂಡಿದ್ದೆ. ಮಾಡಿದ್ದು ಮಾತ್ರ ಈಗ.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ದೀಪಾವಳಿ ಕಳೆದ ಮೇಲೆ ಕೆಲವು ಮನೆಯವರು ಕಬ್ಬು ಕಡಿಯಲು ಹೋಗುತ್ತಾರೆ, ಮಕ್ಕಳೂ ಜೊತೆಗೆ. ಗೋಡೆಯ ಚಾರ್ಟನ್ನು ಅವರ ಕೈಗೆ ಕೊಡಲು ಆಗುವುದಿಲ್ಲ. ಕಾರ್ಡಿನ ಒಂದು ಕಟ್ಟು ಕೊಡಬಹುದು. ಈ ಸಲ ಮೂರು ಕಟ್ಟು ಹೋದವು, ಎರಡು ವಾಪಸ್ ಬಂದವು.

ಕೆಲಸ ಜಾಸ್ತಿ, ಅದು ನಿಜ. ವಾರಕ್ಕೆ ಎರಡು ಸಂಜೆ ಕತ್ತರಿ ಹಿಡಿದು ಕೂರಬೇಕು. ನನಗೆ ಟಿವಿ ಮುಂದೆ ಕೈ ಖಾಲಿ ಇದ್ದರೆ ಆಗದು, ಹಾಗಾಗಿ ನಡೆಯುತ್ತದೆ. ಮನೆಯಲ್ಲಿ ಸಣ್ಣ ಮಗು ಇರುವ ಟೀಚರ್ ಆದರೆ ಸ್ಟೋರಿವೀವರ್ ಕಥೆಯನ್ನೇ ಹಿಡಿಯಿರಿ, ಕೆಳಗೆ ಮಕ್ಕಳ ಮಾತನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಪೆನ್ನು, ಗೋಂದು ಸೇರಿ ನನಗೆ ಇದುವರೆಗೆ 120 ರೂಪಾಯಿ ಆಗಿದೆ.

ಚಾರ್ಟನ್ನು ಎಸೆಯಲು ಮನಸ್ಸು ಬರಲಿಲ್ಲ, ದುಡ್ಡು ಕೊಟ್ಟಿದ್ದೇನಲ್ವಾ. ಮೊದಲ ಚೌಕದ ಮೇಲೆ ಒಂದು ಲಗ್ನಪತ್ರಿಕೆ ಕಾರ್ಡು ಅಂಟಿಸಿದ್ದೇವೆ: 'ಅ – ಅಳಿಲು'. ಅಳತೆ ಸ್ವಲ್ಪ ತಪ್ಪಿತು. ಮೇಲುಗಡೆ ಕತ್ತೆಯ ಎರಡು ಕಿವಿ ಇನ್ನೂ ಕಾಣುತ್ತವೆ. ಅಳಿಲಿಗೆ ಇಷ್ಟುದ್ದ ಕಿವಿ ಯಾಕೆ ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ.