ಜಾಸ್: ಓದಿದ ಮೀನು, ನೋಡಿದ ಮೀನು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಕಾಕಾ ಬಲೆ ರಿಪೇರಿ ಮಾಡುತ್ತಾ ಕೂತಿರುತ್ತಾರೆ. ಈ ಸಲ ಆ ರಜೆಯಲ್ಲಿ ಪೀಟರ್ ಬೆಂಚ್ಲಿಯ ‘ಜಾಸ್’ ಕಾದಂಬರಿ (1974) ಓದಿ ಮುಗಿಸಿದೆ. ಆಮೇಲೆ ಸ್ಪೀಲ್‌ಬರ್ಗ್ 1975ರಲ್ಲಿ ತೆಗೆದ ಸಿನಿಮಾವನ್ನು ಕಾಕಾನ ಜೊತೆ ಲ್ಯಾಪ್‌ಟಾಪಿನಲ್ಲಿ ನೋಡಿದೆ.

ಕತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬೇಸಿಗೆ ಪ್ರವಾಸಿಗರನ್ನೇ ನಂಬಿದ ಅಮಿಟಿ ಅನ್ನೋ ಊರು. ಅಲ್ಲಿಗೆ ಬಂದ ದೊಡ್ಡ ಶಾರ್ಕ್. ಕೊಂಕಣಿಯಲ್ಲಿ ನಾವು ಅದಕ್ಕೆ ಮೋರಿ ಅಂತೀವಿ, ಘಟ್ಟದ ಮೇಲಿನವರು ಚರಂಡಿ ಅಂದುಕೊಳ್ಳಬೇಡಿ. ಅದರ ಬೆನ್ನು ಹತ್ತುವ ಮೂವರು: ಪೊಲೀಸ್ ಅಧಿಕಾರಿ ಬ್ರೋಡಿ, ಮೀನು ತಜ್ಞ ಹೂಪರ್, ಬೇಟೆಗಾರ ಕ್ವಿಂಟ್. ಕೊನೆಯನ್ನೂ ಹೇಳಿಬಿಡುತ್ತೇನೆ. ಐವತ್ತು ವರ್ಷ ಆಯ್ತಲ್ವಾ.

ಹೆದರಿಸುವುದರಲ್ಲಿ ಸಿನಿಮಾನೇ ಮೇಲು. ಪುಸ್ತಕ ಮೊದಲ ಪುಟದಲ್ಲೇ ಮೀನಿನ ಪಕ್ಕಕ್ಕೆ ಕರೆದೊಯ್ಯುತ್ತದೆ. ರಾತ್ರಿ ಈಜುವ ಹುಡುಗಿ ಅದಕ್ಕೆ ಕಾಣುವುದಿಲ್ಲ, ನೀರಿನ ಅದುರು ಮಾತ್ರ ತಿಳಿಯುತ್ತದೆ. ಚೆನ್ನಾಗಿದೆ, ಆದರೆ ಹಾಗೆ ಪರಿಚಯವಾದ ಮೀನಿನ ಭಯ ಸ್ವಲ್ಪ ಕಮ್ಮಿಯೇ. ಸಿನಿಮಾದಲ್ಲಿ ಒಂದು ಗಂಟೆ ದಾಟಿದರೂ ಮೀನು ಸರಿಯಾಗಿ ಮುಖ ತೋರಿಸುವುದಿಲ್ಲ. ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದಾಗಲೆಲ್ಲ ಕೆಟ್ಟು ಕೂರುತ್ತಿತ್ತಂತೆ. 55 ದಿನದ ಶೂಟಿಂಗ್ 159 ದಿನಕ್ಕೆ ಹೋಯಿತು. ಇದನ್ನು ಹೇಳಿದಾಗ ಕಾಕಾ, “ಉಪ್ಪುನೀರು ಎಂಜಿನ್ನನ್ನೇ ಬಿಡೂದಿಲ್ಲ, ಗೊಂಬೆ ಬಿಡ್ತದಾ?” ಅಂದರು.

ಪುಸ್ತಕದಲ್ಲಿ ನನಗೆ ಬೇಜಾರಾಗಿದ್ದು ಬ್ರೋಡಿಯ ಹೆಂಡತಿಗೂ ಹೂಪರ್‌ಗೂ ಇರುವ ಸಂಬಂಧ. ಪುಟಗಟ್ಟಲೆ ಇದೆ. ಮೀನೆಲ್ಲಿ ಹೋಯ್ತು ಮಾರಾಯ ಅಂತ ಪುಟ ಹಾರಿಸಿದೆ. ಸಿನಿಮಾ ಅದನ್ನು ಕಿತ್ತೇ ಹಾಕಿದೆ, ಒಳ್ಳೆಯದಾಯಿತು. ಆದರೆ ಊರಿನ ದುಡ್ಡಿನ ಕತೆ ಪುಸ್ತಕದಲ್ಲೇ ಗಟ್ಟಿ. ಬೀಚ್ ಮುಚ್ಚಿದರೆ ಆ ವರ್ಷದ ಚಳಿಗಾಲ ಹೇಗೆ ಕಳೆಯುವುದು ಅನ್ನೋ ಅಂಗಡಿಯವರ ಲೆಕ್ಕ, ಮೇಯರ್ ಕೊರಳಿಗೆ ಬಿದ್ದ ಮಾಫಿಯಾ ಸಾಲ. ಮುರ್ಡೇಶ್ವರ, ಗೋಕರ್ಣದಲ್ಲಿ ಕೆಂಪು ಬಾವುಟ ನೆಟ್ಟ ದಿನ ಚುರುಮುರಿಯವನ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಕಾ ಸುಮ್ಮನಾಗಿದ್ದು ಹಳದಿ ಪೀಪಾಯಿಗಳು ಬಂದಾಗ. ಮೀನಿಗೆ ಈಟಿ ಹೊಡೆದು, ಹಗ್ಗದ ತುದಿಗೆ ಖಾಲಿ ಪೀಪಾಯಿ ಕಟ್ಟಿ ಬಿಡುತ್ತಾರೆ. ಮೀನು ಕಾಣುವುದಿಲ್ಲ, ಪೀಪಾಯಿ ಓಡುವುದು ಮಾತ್ರ ಕಾಣುತ್ತದೆ. ಆಮೇಲೆ ಅದೂ ಮುಳುಗುತ್ತದೆ. “ನಮ್ಮ ಬಲೆಯ ಬೆಂಡು ಹೀಗೆ ಒಮ್ಮೆಲೇ ಒಳಗೆ ಹೋದರೆ ಎದೆ ಧಸಕ್ ಅಂತದೆ,” ಅಂದರು. ಕೊನೆಯಲ್ಲಿ ಬ್ರೋಡಿ ಮೀನಿನ ಬಾಯಲ್ಲಿದ್ದ ಗಾಳಿಯ ಸಿಲಿಂಡರಿಗೆ ಗುಂಡು ಹೊಡೆದು ಅದನ್ನು ಸಿಡಿಸಿದಾಗ ಮಾತ್ರ ಜೋರಾಗಿ ನಕ್ಕರು. “ಅಷ್ಟು ಮಾಂಸ ಹಾಳು.”

ಪುಸ್ತಕದಲ್ಲಿ ಪಟಾಕಿ ಇಲ್ಲ. ಗಾಯಗೊಂಡ ಮೀನು ಬ್ರೋಡಿಯ ಹತ್ತಿರ ಬಂದು ಅಲ್ಲೇ ಸತ್ತು ತಳಕ್ಕಿಳಿಯುತ್ತದೆ. ಓದುವಾಗ ಸಪ್ಪೆ ಅನಿಸಿತ್ತು. ಕ್ವಿಂಟ್ ಸಾಯುವ ರೀತಿಯೂ ಬೇರೆ. ಸಿನಿಮಾದಲ್ಲಿ ಮೀನು ಅವನನ್ನು ಕಚ್ಚಿ ನುಂಗುತ್ತದೆ, ರಕ್ತ ಚಿಮ್ಮುತ್ತದೆ. ಪುಸ್ತಕದಲ್ಲಿ ಈಟಿಯ ಹಗ್ಗ ಅವನ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೀನು ಕೆಳಗಿಳಿಯುತ್ತದೆ, ಜೊತೆಗೆ ಅವನೂ. ಸಿನಿಮಾದ ಸಾವೇ ಜೋರು ಅಂತ ನನ್ನ ವಾದ.

ಮರುದಿನ ಬಂದರಿನಲ್ಲಿ ಇದನ್ನೇ ಕಾಕಾನಿಗೆ ಹೇಳುತ್ತಿದ್ದೆ. ಬಲೆಯ ಸೂಜಿ ನಿಂತಿತು. “ಪುಸ್ತಕ ಬರೆದವನಿಗೆ ಬೋಟು ಗೊತ್ತುಂಟು,” ಅಂದರು. ಆಮೇಲೆ ನನ್ನ ಕಾಲಿನ ಕಡೆ ನೋಡಿದರು. ನಾನು ಸುರುಳಿ ಸುತ್ತಿಟ್ಟ ಹಗ್ಗದ ನಡುವೆಯೇ ನಿಂತಿದ್ದೆ.

“ಮೊದಲು ಅಲ್ಲಿಂದ ಈಚೆ ಬಾ.”